ಎಂಟು-ನಾಲ್ಕರ ಪ್ಲೈವುಡ್ ಮೇಲೆ ಜಮೈಕಾದ ರೈಲು: ಪ್ರದರ್ಶನಕ್ಕೆ ಉಬ್ಬು ನಕಾಶೆ ಮಾಡುವ ಬಗೆ

ಶಾಲಾ ಪ್ರದರ್ಶನಗಳಲ್ಲಿ ರೈಲಿನ ಮಾದರಿ ಅಂದರೆ ಸಾಮಾನ್ಯವಾಗಿ ಗುಂಡಗೆ ಸುತ್ತುವ ಆಟಿಕೆ ಎಂಜಿನ್ನು. ಮಕ್ಕಳು ಒಂದು ನಿಮಿಷ ನಿಂತು ನೋಡಿ ಮುಂದಿನ ಮೇಜಿಗೆ ಹೋಗುತ್ತಾರೆ. ಹಳಿ ಅಲ್ಲಿಗೇ ಯಾಕೆ ಹೋಯಿತು, ಯಾರಿಗಾಗಿ ಹೋಯಿತು, ಯಾಕೆ ನಿಂತಿತು ಎಂಬುದು ಆ ಎಂಜಿನ್ನು ನೋಡಿದರೆ ತಿಳಿಯುವುದಿಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯ ಪ್ರೌಢಶಾಲೆ, ಪಿಯು ಕಾಲೇಜು, ಗ್ರಂಥಾಲಯಗಳು ಹತ್ತು-ಹನ್ನೆರಡು ದಿನದಲ್ಲಿ ಮಾಡಬಹುದಾದ, ಈ ಮೂರೂ ಪ್ರಶ್ನೆಗೆ ಉತ್ತರ ಹೇಳುವ ಮಾದರಿ ಇದು.

ದೇಶ ಕೆರೀಬಿಯನ್ ಸಮುದ್ರದ ದ್ವೀಪ ಜಮೈಕಾ. ಅದನ್ನೇ ಆರಿಸಲು ಎರಡು ಕಾರಣ. ಮೊದಲನೆಯದು ಅಳತೆ. ದ್ವೀಪ ಪೂರ್ವ-ಪಶ್ಚಿಮ ಸುಮಾರು 232 ಕಿ.ಮೀ., ದಕ್ಷಿಣೋತ್ತರ ಸುಮಾರು 92 ಕಿ.ಮೀ. ಒಂದು ಕಿ.ಮೀ.ಗೆ ಒಂದು ಸೆಂ.ಮೀ. ಹಿಡಿದರೆ ಅಂಗಡಿಯಲ್ಲಿ ಸಿಗುವ 8×4 ಅಡಿ ಪ್ಲೈವುಡ್ (244×122 ಸೆಂ.ಮೀ.) ಮೇಲೆ ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ. ಲೆಕ್ಕ ಮಾಡಲು ಕ್ಯಾಲ್ಕುಲೇಟರ್ ಬೇಡ, ಕಿ.ಮೀ. ಓದಿ ಸೆಂ.ಮೀ. ಅಳೆದರಾಯಿತು. ಎರಡನೆಯದು ಸರಕು. ಜಮೈಕಾದ ಹಳಿಗಳನ್ನು ಹಾಕಿಸಿದ್ದು ಸಕ್ಕರೆ, ಬಾಳೆ ಮತ್ತಿತರ ಹಣ್ಣು. ಆ ಹಳಿಗಳನ್ನು ಇಷ್ಟು ಕಾಲ ಉಳಿಸಿದ್ದು ಬಾಕ್ಸೈಟ್, ಅಂದರೆ ಅಲ್ಯೂಮಿನಿಯಂ ಅದಿರು. ಮುಧೋಳ, ಜಮಖಂಡಿ, ಅಥಣಿ ಕಡೆಯ ಮಗುವಿಗೆ ಕಡಿದ ಕಬ್ಬನ್ನು ಬೇಗ ಕಾರ್ಖಾನೆ ಮುಟ್ಟಿಸುವ ಅವಸರ ಏನೆಂದು ಹೇಳಿಕೊಡಬೇಕಾಗಿಲ್ಲ. ಬಾಕ್ಸೈಟಿನಿಂದ ಅಲ್ಯೂಮಿನಾ (ಅಲ್ಯೂಮಿನಿಯಂ ಮಾಡಲು ಬೇಕಾದ ಬಿಳಿ ಪುಡಿ) ತೆಗೆಯುವ ಕಾರ್ಖಾನೆ ಬೆಳಗಾವಿಯಲ್ಲೇ ಇದೆ. ಜಮೈಕಾದ ನೆಲ ಬಹುಪಾಲು ಸುಣ್ಣದಕಲ್ಲು, ಅದು ಬಾಗಲಕೋಟೆಯಲ್ಲಿ ಕಾಲಿಗೆ ಎಡವುತ್ತದೆ.

ಹಾಗಾಗಿ ಈ ಮಾದರಿಯಲ್ಲಿ ಒಂದೇ ಕಟ್ಟುನಿಟ್ಟು: ಹಳಿಗೆ ಬಣ್ಣ ಹಚ್ಚುವಾಗ ಇಸವಿ ನೋಡಬೇಡಿ, ಸರಕು ನೋಡಿ. ಇಸವಿ ದೀಪದಲ್ಲಿ ಬರುತ್ತದೆ.

ಮೊದಲು ಕಲಿಯಬೇಕಾದ ಇತಿಹಾಸ

ಮೇಜಿನ ಹಿಂದೆ ನಿಲ್ಲುವ ವಿದ್ಯಾರ್ಥಿಗೆ ಇಷ್ಟು ಬಾಯಿಪಾಠವಲ್ಲ, ಅರ್ಥವಾಗಿ ಬರಬೇಕು.

ಜಮೈಕಾದ ಮೊದಲ ರೈಲು ಓಡಿದ್ದು 1845ರ ನವೆಂಬರ್ 21ರಂದು. ಕಿಂಗ್‌ಸ್ಟನ್ ಬಂದರಿನಿಂದ ಸ್ಪ್ಯಾನಿಷ್ ಟೌನ್ ಮೂಲಕ ಏಂಜಲ್ಸ್ ಎಂಬ ಜಾಗದವರೆಗೆ, ಸುಮಾರು 14 ಮೈಲಿ. ಆಗ ರಾಜಧಾನಿ ಸ್ಪ್ಯಾನಿಷ್ ಟೌನ್, ಕಿಂಗ್‌ಸ್ಟನ್ ರಾಜಧಾನಿಯಾದದ್ದು 1872ರಲ್ಲಿ. ನಮ್ಮಲ್ಲಿ ಬೋರಿಬಂದರ್‌ನಿಂದ ಠಾಣೆಗೆ ಮೊದಲ ಪ್ರಯಾಣಿಕ ರೈಲು ಹೊರಟಿದ್ದು 1853ರ ಏಪ್ರಿಲ್ 16ಕ್ಕೆ, ಅಂದರೆ ಏಳು ವರ್ಷದ ಮೇಲೆ. ಹಾಗಂತ ಕೆರೀಬಿಯನ್ನಿನಲ್ಲೇ ಮೊದಲು ಅಂತ ಬೋರ್ಡಿನಲ್ಲಿ ಬರೆಯಬೇಡಿ. ಕ್ಯೂಬಾದಲ್ಲಿ ಹವಾನಾದಿಂದ ಬೆಹುಕಾಲ್‌ಗೆ 1837ರಲ್ಲೇ ರೈಲು ಓಡಿತ್ತು. ಕ್ಯೂಬಾವನ್ನು ಆಳುತ್ತಿದ್ದ ಸ್ಪೇನಿನ ಸ್ವಂತ ನೆಲಕ್ಕೆ ರೈಲು ಬಂದದ್ದು 1848ರಲ್ಲಿ. ತಾಯ್ನಾಡಿಗಿಂತ ವಸಾಹತಿಗೆ ಮೊದಲು ಹಳಿ ಬಿದ್ದದ್ದು ಸಕ್ಕರೆಯ ಸಲುವಾಗಿ.

ಜಮೈಕಾದ ಹಳಿ ಬಿದ್ದ ಹೊತ್ತು ಮಾತ್ರ ಕೆಟ್ಟದ್ದು. 1838ರ ಆಗಸ್ಟ್ 1ಕ್ಕೆ ಗುಲಾಮರು ಪೂರ್ಣ ಬಿಡುಗಡೆಯಾಗಿದ್ದರು. ಕಬ್ಬಿನ ತೋಟಗಳಿಗೆ ಆಳು ಬೇಕೆಂದು ಭಾರತದಿಂದ ಕರಾರು ಕೂಲಿಗಳನ್ನು ಹೊತ್ತ ಮೊದಲ ಹಡಗು ಓಲ್ಡ್ ಹಾರ್ಬರ್ ಕೊಲ್ಲಿಗೆ ಬಂದದ್ದು 1845ರ ಮೇ 10ಕ್ಕೆ, ರೈಲು ಓಡುವುದಕ್ಕೆ ಆರು ತಿಂಗಳು ಮೊದಲು. ಮರುವರ್ಷ, 1846ರಲ್ಲಿ, ಬ್ರಿಟನ್ ತನ್ನ ವಸಾಹತಿನ ಸಕ್ಕರೆಗೆ ಕೊಡುತ್ತಿದ್ದ ಸುಂಕದ ರಿಯಾಯಿತಿಯನ್ನು ಹಂತಹಂತವಾಗಿ ತೆಗೆಯುವ ಕಾನೂನು ತಂದಿತು. ಬೆಲೆ ಬಿತ್ತು, ತೋಟಗಳು ಮುಚ್ಚಿದವು, ಸಾಗಿಸಲು ಸರಕಿಲ್ಲದೆ ರೈಲು ಸೊರಗಿತು. ಮುಂದಿನ ತುಂಡು, ಓಲ್ಡ್ ಹಾರ್ಬರ್‌ವರೆಗಿನ 11 ಮೈಲಿ, ಬರಲು 1869 ಆಯಿತು. 24 ವರ್ಷಕ್ಕೆ 11 ಮೈಲಿ. 1879ರಲ್ಲಿ ಸರ್ಕಾರವೇ ರೈಲು ಕಂಪನಿಯನ್ನು ಕೊಂಡಿತು.

ಆಮೇಲೆ ಹಣ್ಣಿನ ಕಾಲ. 1885ರಲ್ಲಿ ಸರ್ಕಾರ ಹಳಿಯನ್ನು ಪಶ್ಚಿಮಕ್ಕೆ ಪೋರಸ್‌ಗೂ ಉತ್ತರಕ್ಕೆ ಯೂವರ್ಟನ್‌ಗೂ ಮುಟ್ಟಿಸಿತು. ಅಷ್ಟರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಅಮೆರಿಕದ ಹಡಗು ಕಪ್ತಾನ ಪೋರ್ಟ್ ಆಂಟೋನಿಯೊದಿಂದ ಬಾಳೆಗೊನೆ ಒಯ್ಯುವ ವ್ಯಾಪಾರ ಬೆಳೆಸಿದ್ದ. 1890ರಲ್ಲಿ ರೈಲನ್ನು ವೆಸ್ಟ್ ಇಂಡಿಯಾ ಇಂಪ್ರೂವ್‌ಮೆಂಟ್ ಕಂಪನಿ ಎಂಬ ಅಮೆರಿಕನ್ ಕಂಪನಿಗೆ ಮಾರಲಾಯಿತು. ಕರಾರಿನಲ್ಲಿ ಒಂದು ಮಾತಿತ್ತು: ಹೊಸದಾಗಿ ಹಾಕಿದ ಪ್ರತಿ ಮೈಲಿ ಹಳಿಗೆ ಒಂದು ಚದರ ಮೈಲಿ ಸರ್ಕಾರಿ ಜಮೀನು. ಕಂಪನಿ 1894ಕ್ಕೆ ಮಾಂಟೆಗೊ ಬೇ ಮುಟ್ಟಿತು, 1896ಕ್ಕೆ ಪೋರ್ಟ್ ಆಂಟೋನಿಯೊ ಮುಟ್ಟಿತು, 1898ಕ್ಕೆ ಸಾಲದ ಬಡ್ಡಿ ಕಟ್ಟಲಾಗದೆ ಕೈಚೆಲ್ಲಿತು. 1900ರಲ್ಲಿ ರೈಲು ಮತ್ತೆ ಸರ್ಕಾರದ ಪಾಲಾಯಿತು. ಕೊನೆಯ ದೊಡ್ಡ ಕವಲು ಮೇ ಪೆನ್‌ನಿಂದ ಫ್ರಾಂಕ್‌ಫೀಲ್ಡ್‌ಗೆ. ಅದರ ಮೊದಲ ಭಾಗ 1913ರಲ್ಲಿ, ಪೂರ್ತಿ 1925ರಲ್ಲಿ.

1950ರ ದಶಕದಲ್ಲಿ ಬಾಕ್ಸೈಟ್ ಗಣಿ ಶುರುವಾಯಿತು. ಕರ್ಕ್‌ವೈನ್ ಮತ್ತು ಯೂವರ್ಟನ್ ಕಾರ್ಖಾನೆಗಳ ಅಲ್ಯೂಮಿನಾ ರೈಲಿನಲ್ಲೇ ಪೋರ್ಟ್ ಎಸ್ಕಿವೆಲ್ ಬಂದರಿಗೆ ಇಳಿಯಿತು. ಪ್ರಯಾಣಿಕ ರೈಲು 1992ರ ಅಕ್ಟೋಬರಿನಲ್ಲಿ ನಿಂತಿತು. 2011ರಲ್ಲಿ ಸ್ವಲ್ಪ ಕಾಲ ಒಂದು ತುಂಡಿನಲ್ಲಿ ಮತ್ತೆ ಓಡಿಸಿ ನೋಡಿದರು, ಅದು ಬಾಳಲಿಲ್ಲ. 1992ರ ನಂತರವೂ ಅದಿರಿನ ಗಾಡಿ ಓಡಿತು.

ಹಲಗೆ

12 ಮಿ.ಮೀ. ಪ್ಲೈವುಡ್ ಒಂದು ಶೀಟು ತನ್ನಿ. ಅಂಗಡಿಯಲ್ಲೇ ನಡುವೆ ಸೀಳಿಸಿ 4×4ರ ಎರಡು ತುಂಡು ಮಾಡಿಸಿಕೊಳ್ಳಿ. ಇಡೀ ಶೀಟನ್ನೇ ಇಟ್ಟುಕೊಂಡವರು ಪ್ರದರ್ಶನದ ದಿನ ಸಣ್ಣ ಟೆಂಪೊದಲ್ಲಿ ಅದನ್ನು ಮಲಗಿಸಲೂ ಆಗದೆ ನಿಲ್ಲಿಸಲೂ ಆಗದೆ ಗುಡ್ಡ ಮುರಿದುಕೊಳ್ಳುತ್ತಾರೆ. ಪ್ರತಿ ತುಂಡಿನ ಕೆಳಗೆ 2×1 ಇಂಚಿನ ರೀಪಿನ ಚೌಕಟ್ಟು ಹೊಡೆಸಿ, ಸೇರುವ ಬದಿಯ ರೀಪುಗಳಲ್ಲಿ ಎರಡನ್ನೂ ಒಟ್ಟಿಗೆ ಹಿಡಿದು ಮೂರು ತೂತು ಕೊರೆಸಿ, 10 ಮಿ.ಮೀ. ಬೋಲ್ಟು ಹಾಕಿ. ಬೇರೆಬೇರೆ ಕೊರೆದರೆ ತೂತು ಕೂಡುವುದಿಲ್ಲ. ಚೌಕಟ್ಟಿನ ಕೆಳಗಿನ ಪೊಳ್ಳಿನಲ್ಲಿ ವಯರ್ ಕೂರುತ್ತದೆ.

ಸೀಳು ಎಲ್ಲಿ ಬೀಳುತ್ತದೆ ಎಂಬುದನ್ನು ಮೊದಲೇ ತಿಳಿದಿರಿ. ಬಲಬದಿಯಿಂದ 122 ಸೆಂ.ಮೀ.ಗೆ, ಅಂದರೆ ಮೇ ಪೆನ್ ಜಂಕ್ಷನ್‌ನಿಂದ ನಾಲ್ಕೇ ಸೆಂ.ಮೀ. ಪಶ್ಚಿಮಕ್ಕೆ. ಮಾಂಟೆಗೊ ಬೇ ಹಳಿ ಮತ್ತು ಫ್ರಾಂಕ್‌ಫೀಲ್ಡ್ ಕವಲು ಎರಡೂ ಸೀಳನ್ನು ದಾಟುತ್ತವೆ. ಆ ಎರಡು ಜಾಗದಲ್ಲಿ ಮಾತ್ರ ಹಳಿಯ ತಂತಿ ಕತ್ತರಿಸಿರಬೇಕು.

ನಕಾಶೆ ಮೂಡಿಸುವುದು

ಸುಲಭದ ದಾರಿ ಫ್ಲೆಕ್ಸ್. ಸಮಪಾತಳಿ ರೇಖೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇರುವ ಜಮೈಕಾ ನಕಾಶೆಯನ್ನು ಫ್ಲೆಕ್ಸ್ ಅಂಗಡಿಯಲ್ಲಿ 8×4 ಅಡಿಗೆ ಮುದ್ರಿಸಿಕೊಳ್ಳಿ. ಇಲ್ಲೇ ಹೆಚ್ಚಿನವರು ಕೆಡಿಸುವುದು. ಅಂಗಡಿಯವರು ಚಿತ್ರವನ್ನು ಅಳತೆಗೆ ಎಳೆದು ಕೂರಿಸುತ್ತಾರೆ. ಉದ್ದ ಸರಿ ಬಂದು ಅಗಲ ಹಿಗ್ಗಿರುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಫೈಲ್ ಕೊಡುವ ಮುಂಚೆ ನಕಾಶೆಯ ಮೂಲೆಯಲ್ಲಿ 50 ಕಿ.ಮೀ. ಉದ್ದದ ಎರಡು ಗೆರೆ ಹಾಕಿ, ಒಂದು ಅಡ್ಡ, ಒಂದು ನಿಂತದ್ದು. ಮುದ್ರಿಸಿ ಬಂದಮೇಲೆ ಎರಡೂ 50 ಸೆಂ.ಮೀ. ಇರಬೇಕು. ಇಲ್ಲದಿದ್ದರೆ ಅಲ್ಲೇ ವಾಪಸ್ ಕೊಡಿ.

ಫ್ಲೆಕ್ಸ್ ಬೇಡವೆಂದರೆ ಹಲಗೆ ಮೇಲೆ 10 ಸೆಂ.ಮೀ. ಚೌಕ ಎಳೆದು ಕೈಯಿಂದ ಬಿಡಿಸಿ. ದ್ವೀಪದ ಉತ್ತರಕ್ಕೆ 5 ಸೆಂ.ಮೀ., ದಕ್ಷಿಣಕ್ಕೆ 25 ಸೆಂ.ಮೀ., ಅಕ್ಕಪಕ್ಕ 6 ಸೆಂ.ಮೀ. ಸಮುದ್ರ ಬಿಡಿ. ದಕ್ಷಿಣದ ಅಗಲ ಪಟ್ಟಿ ಸ್ವಿಚ್ಚು ಮತ್ತು ಸರಕಿನ ಬಾಟಲಿಗಳಿಗೆ.

ಯಾವ ದಾರಿ ಹಿಡಿದರೂ ಊರುಗಳನ್ನು ಕಿಂಗ್‌ಸ್ಟನ್‌ನಿಂದ ಅಳೆದು ಮತ್ತೊಮ್ಮೆ ತಾಳೆ ನೋಡಿ. ಕಿಂಗ್‌ಸ್ಟನ್ ಹಲಗೆಯ ಬಲಬದಿಯಿಂದ ಸುಮಾರು 70, ಕೆಳಬದಿಯಿಂದ 55 ಸೆಂ.ಮೀ. ಅಲ್ಲಿಂದ ಸ್ಪ್ಯಾನಿಷ್ ಟೌನ್ ಪಶ್ಚಿಮಕ್ಕೆ 17, ಉತ್ತರಕ್ಕೆ 2. ಓಲ್ಡ್ ಹಾರ್ಬರ್ ಪಶ್ಚಿಮಕ್ಕೆ 34, ದಕ್ಷಿಣಕ್ಕೆ 3. ಮೇ ಪೆನ್ ನೇರ ಪಶ್ಚಿಮಕ್ಕೆ 48. ಪೋರಸ್ ಪಶ್ಚಿಮ 66, ಉತ್ತರ 7. ಬಾಲಕ್ಲಾವಾ ಪಶ್ಚಿಮ 90, ಉತ್ತರ 22. ಮಾಂಟೆಗೊ ಬೇ ಪಶ್ಚಿಮ 120, ಉತ್ತರ 55. ಉತ್ತರದ ಕವಲಿಗೆ ಬಾಗ್ ವಾಕ್ ಪಶ್ಚಿಮ 22, ಉತ್ತರ 14. ಯೂವರ್ಟನ್ ಪಶ್ಚಿಮ 31, ಉತ್ತರ 23. ಅನಾಟೊ ಬೇ ಪೂರ್ವಕ್ಕೆ 2, ಉತ್ತರಕ್ಕೆ 33. ಪೋರ್ಟ್ ಆಂಟೋನಿಯೊ ಪೂರ್ವ 36, ಉತ್ತರ 23. ಫ್ರಾಂಕ್‌ಫೀಲ್ಡ್ ಪಶ್ಚಿಮ 60, ಉತ್ತರ 20. ಒಂದು ಸೆಂ.ಮೀ. ಆಚೀಚೆ ಆದರೆ ಚಿಂತೆಯಿಲ್ಲ. ಮೂರು ತಪ್ಪಿದರೆ ನಕಾಶೆ ಎಳೆದಿದೆ ಎಂದರ್ಥ.

ಗುಡ್ಡ ಎಬ್ಬಿಸುವುದು

ಎತ್ತರಕ್ಕೂ ಅದೇ ಅಳತೆ ಹಿಡಿದರೆ 2,256 ಮೀ. ಎತ್ತರದ ಬ್ಲೂ ಮೌಂಟನ್ ಶಿಖರ ಎರಡೂಕಾಲು ಸೆಂ.ಮೀ. ಮಾತ್ರ ಏಳುತ್ತದೆ, ನೋಡುವವರಿಗೆ ರೊಟ್ಟಿ ತಟ್ಟಿಟ್ಟ ಹಾಗೆ ಕಾಣುತ್ತದೆ. ಎತ್ತರವನ್ನು ಐದು ಪಟ್ಟು ಮಾಡಿ: 10 ಮಿ.ಮೀ. ಥರ್ಮಾಕೋಲ್ ಒಂದು ಪದರಕ್ಕೆ 200 ಮೀ. ಕರಾವಳಿ ಆಕಾರಕ್ಕೆ ಮಾತ್ರ ಥರ್ಮಾಕೋಲ್ ಬೇಡ, ಹಳೆ ಕಾರ್ಟನ್ ಬಾಕ್ಸಿನ 3 ಮಿ.ಮೀ. ರಟ್ಟು ಕತ್ತರಿಸಿ. ಕಿಂಗ್‌ಸ್ಟನ್‌ನಿಂದ ಮೇ ಪೆನ್‌ವರೆಗಿನ ಬಯಲು ಸಮುದ್ರಮಟ್ಟಕ್ಕೆ ಹತ್ತಿರ. ಅಲ್ಲಿ 10 ಮಿ.ಮೀ. ಪದರ ಹಾಕಿದರೆ ಬಂದರೇ ಗೋಡೆ ಮೇಲೆ ಕೂತಂತಾಗುತ್ತದೆ. ರಟ್ಟಿನ ಮೇಲೆ 200, 400, 600 ಹೀಗೆ 2,200 ಮೀ. ರೇಖೆವರೆಗೆ ಹನ್ನೊಂದು ಪದರ. ಒಟ್ಟು 11.3 ಸೆಂ.ಮೀ., ಶಿಖರದ ಎತ್ತರಕ್ಕೆ ಸರಿಯಾಗಿ ಬರುತ್ತದೆ.

1×½ ಮೀಟರಿನ ಥರ್ಮಾಕೋಲ್ ಹಾಳೆ ಹತ್ತು ಸಾಕು. 800 ಮೀ. ಮೇಲಿನ ಪದರಗಳೆಲ್ಲ ಕೆಳಗಿನವುಗಳ ಉಳಿಕೆ ಚೂರಿನಲ್ಲೇ ಆಗುತ್ತವೆ. ಅಂಟಿಗೆ ಫೆವಿಕಾಲ್ ಮಾತ್ರ. ಚಪ್ಪಲಿ-ರಬ್ಬರಿಗೆ ಹಚ್ಚುವ ಹಳದಿ ಅಂಟು, ಸ್ಪ್ರೇ ಪೇಂಟ್, ಆಯಿಲ್ ಪೇಂಟ್, ಥಿನ್ನರ್ ಇವೆಲ್ಲ ಥರ್ಮಾಕೋಲನ್ನು ಕರಗಿಸುತ್ತವೆ. ಮೇಲೆ ಪೇಪರ್ ಅಂಟಿಸಿದ್ದರೂ ಸಣ್ಣ ಸಂದಿಯಲ್ಲಿ ಇಳಿದು ಒಳಗೆ ಗುಹೆ ಮಾಡುತ್ತವೆ, ಮರುದಿನ ಬೆಟ್ಟ ಕುಸಿದಿರುತ್ತದೆ. ಪದರ ಅಂಟಿಸಿದ ಮೇಲೆ ಗುಂಡುಸೂಜಿ ಚುಚ್ಚಿ, ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಎರಡು ಹಾಳೆ ನಡುವೆ ಗಾಳಿ ಆಡದ ಕಾರಣ ಫೆವಿಕಾಲ್ ನಿಧಾನ ಒಣಗುತ್ತದೆ. ದಿನಕ್ಕೆ ಎರಡು ಪದರಕ್ಕಿಂತ ಅವಸರ ಬೇಡ.

ಮೆಟ್ಟಿಲು ತುಂಬಲು ಪೇಪರ್ ಹಿಟ್ಟು. ಎರಡು ಕಿಲೊ ಹಳೆ ದಿನಪತ್ರಿಕೆ ಹರಿದು ರಾತ್ರಿ ನೆನೆಸಿ, ಹಿಂಡಿ, ರುಬ್ಬಿ. ಕಾಲು ಕಿಲೊ ಮೈದಾ ಒಂದೂವರೆ ಲೀಟರ್ ನೀರಿನಲ್ಲಿ ಕುದಿಸಿದ ಅಂಟಿಗೆ ಒಂದು ಚಮಚ ಮೈಲುತುತ್ತ ಹಾಕಿ. ಹಾಕದಿದ್ದರೆ ಇಲಿ, ಜಿರಳೆ ಮೈದಾ ವಾಸನೆಗೆ ಬಂದು ಒಂದೇ ವಾರದಲ್ಲಿ ದ್ವೀಪ ತಿನ್ನುತ್ತವೆ. ಮೈಲುತುತ್ತ ವಿಷ, ದೊಡ್ಡವರೇ ಕೈಗವಸು ಹಾಕಿಕೊಂಡು ಕಲಸಿ, ಅಡುಗೆ ಪಾತ್ರೆ ಬಳಸಬೇಡಿ. ಹಿಟ್ಟು ಅರ್ಧ ಸೆಂ.ಮೀ.ಗಿಂತ ದಪ್ಪ ಮೆತ್ತಿದರೆ ಬಿರಿಯುತ್ತದೆ. ತೆಳ್ಳಗೆ ಎರಡು ಸಲ ಮೆತ್ತಿ, ನೆರಳಲ್ಲಿ ಒಣಗಿಸಿ. ನಮ್ಮ ಕಡೆಯ ಮಾರ್ಚ್ ಬಿಸಿಲಿಗೆ ಇಟ್ಟರೆ ಪ್ಲೈವುಡ್ಡೇ ಸೆಟೆಯುತ್ತದೆ. ಬಣ್ಣಕ್ಕೆ ಡಿಸ್ಟೆಂಪರ್ ಸಾಕು.

ಹಳಿ

ಇಡೀ ಮಾದರಿಯ ಜೀವ ಇಲ್ಲಿದೆ, ಎರಡು ದಿನ ಇದಕ್ಕೇ ಇಡಿ.

1.2 ಮಿ.ಮೀ. ತಾಮ್ರದ ತಂತಿ ನಾಲ್ಕು ಮೀಟರ್ ತನ್ನಿ. ಬಾಗಿಸುವ ಮುಂಚೆ ಈ ಅಳತೆಗೆ ತುಂಡು ಮಾಡಿ: ಕಿಂಗ್‌ಸ್ಟನ್‌ನಿಂದ ಏಂಜಲ್ಸ್ 23 ಸೆಂ.ಮೀ., ಸ್ಪ್ಯಾನಿಷ್ ಟೌನ್‌ನಿಂದ ಓಲ್ಡ್ ಹಾರ್ಬರ್ 18, ಅಲ್ಲಿಂದ ಪೋರಸ್ 39, ಏಂಜಲ್ಸ್‌ನಿಂದ ಯೂವರ್ಟನ್ 23, ಪೋರಸ್‌ನಿಂದ ಮಾಂಟೆಗೊ ಬೇ 105, ಬಾಗ್ ವಾಕ್‌ನಿಂದ ಪೋರ್ಟ್ ಆಂಟೋನಿಯೊ 87, ಮೇ ಪೆನ್‌ನಿಂದ ಫ್ರಾಂಕ್‌ಫೀಲ್ಡ್ 37. ಇವು ಮೈಲಿ ಲೆಕ್ಕದಿಂದ ತೆಗೆದ ಹಳಿಯ ನಿಜ ಉದ್ದಗಳು. ಪ್ರತಿ ತುಂಡಿನ ಮೇಲೆ 10 ಸೆಂ.ಮೀ.ಗೊಂದು ಮಾರ್ಕರ್ ಗುರುತು ಹಾಕಿ.

ಈಗ ಬಾಗಿಸಿ ಕೂರಿಸಿ. ಓಲ್ಡ್ ಹಾರ್ಬರ್ ತುಂಡು ಹೆಚ್ಚುಕಡಿಮೆ ನೇರವಾಗಿ ಮಲಗುತ್ತದೆ: ಊರಿಂದೂರಿಗೆ 18, ತಂತಿ 18. ಬಯಲು ನೆಲ. ಪೋರಸ್ ದಾಟಿದ ತುಂಡು ಹಿಡಿಯಿರಿ. ಪೋರಸ್‌ನಿಂದ ಮಾಂಟೆಗೊ ಬೇಗೆ ನೇರ ಅಳತೆ 72 ಸೆಂ.ಮೀ., ಕೈಯಲ್ಲಿರುವ ತಂತಿ 105. ಉಳಿದ 33 ಸೆಂ.ಮೀ. ಎಲ್ಲಿ ಹೋಯಿತು? ಗುಡ್ಡದ ಮಗ್ಗುಲು ಹಿಡಿದು, ಕಣಿವೆ ಬಳಸಿ, ಮತ್ತೆ ಮಗ್ಗುಲು ಬದಲಿಸಿ ಹೋದ ತಿರುವುಗಳಲ್ಲಿ ಹೋಯಿತು. ನಕಾಶೆಯಲ್ಲಿ ಹಳಿಯ ಗೆರೆ ಇದ್ದರೆ ಅದನ್ನೇ ಅನುಸರಿಸಿ, ಗುರುತು ಎಣಿಸುತ್ತ ಹೋಗಿ. ಮಾಂಟೆಗೊ ಬೇ ಮುಟ್ಟಿದಾಗ ತಂತಿ ಮಿಕ್ಕಿದ್ದರೆ ನೀವು ಗುಡ್ಡವನ್ನು ಕಂಪನಿಗಿಂತ ಸುಲಭವಾಗಿ ದಾಟಿಬಿಟ್ಟಿದ್ದೀರಿ, ಹಿಂದಕ್ಕೆ ಬಂದು ತಿರುವು ಹೆಚ್ಚಿಸಿ. ಈ ಕೆಲಸ ವಿದ್ಯಾರ್ಥಿಗಳೇ ಮಾಡಲಿ. ತಂತಿ ಬೆರಳಿಗೆ ಎದುರಾಡುವ ಜಾಗ ಯಾವುದೋ ಅಲ್ಲೇ ಹಣವೂ ಸುರಿದಿದೆ. ಕಂಪನಿ ಯಾಕೆ ಬಡ್ಡಿ ಕಟ್ಟಲಾಗಲಿಲ್ಲ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ 33 ಸೆಂ.ಮೀ. ತಂತಿಯಲ್ಲಿದೆ.

ಹಳಿ ಸಮುದ್ರಮಟ್ಟದಿಂದ ಹೊರಟು ಸುಮಾರು 500 ಮೀ. ಏರಿ, ಮತ್ತೆ ಸಮುದ್ರಮಟ್ಟಕ್ಕೆ ಇಳಿಯುತ್ತದೆ. ವಿಜಯಪುರ ನಗರದ ಎತ್ತರಕ್ಕಿಂತ ಸ್ವಲ್ಪ ಕಡಿಮೆ. ಮಾದರಿಯಲ್ಲಿ ಇದು ಎರಡೂವರೆ ಸೆಂ.ಮೀ. ಎತ್ತರ ಐದು ಪಟ್ಟು ಹಿಗ್ಗಿರುವುದರಿಂದ ಏರು ಗೋಡೆಯ ಹಾಗೆ ಕಾಣುತ್ತದೆ, ಅದನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸಲೇಬೇಕು. ಹೋಲಿಕೆಗೆ ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಘಟ್ಟದ ಹಳಿ ಕೊಡಿ. ದೂಧಸಾಗರ ನೋಡಲು ಹೋದವರಿಗೆಲ್ಲ ಗೊತ್ತು. ಅಲ್ಲಿ 37 ಮೀಟರಿಗೆ ಒಂದು ಮೀಟರ್ ಇಳಿತ. 37 ಸೆಂ.ಮೀ. ಪಟ್ಟಿಯ ಒಂದು ತುದಿಗೆ 1 ಸೆಂ.ಮೀ. ಎತ್ತರದ ಚೂರು ಇಟ್ಟು ಮೇಜಿನ ಮೇಲೆ ತೋರಿಸಿ. ಕಣ್ಣಿಗೆ ಸಪಾಟು ಅನ್ನಿಸುತ್ತದೆ. ಆದರೂ ಅದಕ್ಕೆ ಹಿಂದಿನಿಂದ ನೂಕುವ ಎಂಜಿನ್ ಬೇಕಾಗುತ್ತದೆ ಅಂದಾಗ ರೈಲಿಗೆ ಗುಡ್ಡ ಅಂದರೇನು ಎಂದು ತಿಳಿಯುತ್ತದೆ.

ಬಣ್ಣ: 1845 ಮತ್ತು 1869ರ ತುಂಡಿಗೆ ಬೆಲ್ಲದ ಕಂದು. 1885ರಿಂದ 1925ರವರೆಗಿನವಕ್ಕೆ ಬಾಳೆಹಣ್ಣಿನ ಹಳದಿ. ಸಕ್ಕರೆಯೂ ಕಾಫಿಯೂ ಆ ಹಳಿಗಳಲ್ಲಿ ಹೋಗಿವೆ, ಇಲ್ಲಿ ತೋರಿಸುವುದು ಮುಖ್ಯ ಸರಕನ್ನು. ಬಾಕ್ಸೈಟಿಗೆ ಹೊಸ ತಂತಿ ಹಾಕಬೇಡಿ. ಇದ್ದ ಹಳಿಯ ಪಕ್ಕದಲ್ಲೇ ಕೆಂಪು ಹೊಲಿಗೆ ದಾರ ಅಂಟಿಸಿ: ಯೂವರ್ಟನ್‌ನಿಂದ ಸ್ಪ್ಯಾನಿಷ್ ಟೌನ್ ಮಾರ್ಗವಾಗಿ ಒಂದು, ಕರ್ಕ್‌ವೈನ್‌ನಿಂದ (ಪಶ್ಚಿಮ 73, ಉತ್ತರ 12) ಮೇ ಪೆನ್ ಮಾರ್ಗವಾಗಿ ಇನ್ನೊಂದು, ಎರಡೂ ಪೋರ್ಟ್ ಎಸ್ಕಿವೆಲ್‌ಗೆ (ಪಶ್ಚಿಮ 36, ದಕ್ಷಿಣ 9). ಹಣ್ಣಿಗೆ ಹಾಕಿದ ಹಳಿಯನ್ನೇ ಅದಿರು ಬಳಸಿಕೊಂಡದ್ದು ಆಗ ಕಣ್ಣಿಗೆ ಬೀಳುತ್ತದೆ.

ಜಮೀನಿನ ಕರಾರನ್ನೂ ತೋರಿಸಿ. ಒಂದು ಚದರ ಮೈಲಿ ಅಂದರೆ ಈ ಅಳತೆಯಲ್ಲಿ 1.6×1.6 ಸೆಂ.ಮೀ. ಹಸಿರು ಕಾಗದದಲ್ಲಿ ಇಂಥ 120 ಚೌಕ ಕತ್ತರಿಸಿ. ಕಂಪನಿ ಹಾಕಿದ ಹಳಿ ಸುಮಾರು ಅಷ್ಟೇ ಮೈಲಿ. ಅವನ್ನು ನಕಾಶೆ ಮೇಲೆ ಅಂಟಿಸಬೇಡಿ, ಯಾವ ಜಮೀನು ಎಲ್ಲಿತ್ತು ಎಂಬ ಸುಳ್ಳು ಹೇಳಿದಂತಾಗುತ್ತದೆ. ಒಂದು ತಟ್ಟೆಯಲ್ಲಿ ಸುರಿದಿಡಿ, ನೋಡುವವರು ಕೈಯಲ್ಲಿ ಹಿಡಿದು ದ್ವೀಪದ ಪಕ್ಕ ಇಟ್ಟು ನೋಡಲಿ.

ಕೆಂಡಲ್ ಬಳಿ, ಪೋರಸ್‌ನ ತುಸು ಪಶ್ಚಿಮಕ್ಕೆ, ಒಂದು ಕರಿ ಗುಂಡುಸೂಜಿ. 1957ರ ಸೆಪ್ಟೆಂಬರ್ 1ರ ರಾತ್ರಿ ಮಾಂಟೆಗೊ ಬೇಯಿಂದ ಮರಳುತ್ತಿದ್ದ, ಜನ ಕಿಕ್ಕಿರಿದ ವಿಹಾರದ ರೈಲು ಇಳಿಜಾರಿನಲ್ಲಿ ಹಳಿ ತಪ್ಪಿ ಸುಮಾರು 200 ಮಂದಿ ಸತ್ತರು. ಆಟಿಕೆ ಡಬ್ಬಿ ಉರುಳಿಸಿ ಇದನ್ನು ತೋರಿಸುವುದು ಸಲ್ಲದು. ದಿನಾಂಕ, ಸಂಖ್ಯೆ ಬರೆದ ಚೀಟಿ ಸಾಕು.

ದೀಪ

ಹನ್ನೆರಡು ಊರಿಗೆ ಒಂದೊಂದು ಬಿಳಿ ಎಲ್‌ಇಡಿ, ಬಾಕ್ಸೈಟಿನ ಮೂರು ಜಾಗಕ್ಕೆ ಕೆಂಪು. ಪ್ರತಿ ಎಲ್‌ಇಡಿಗೂ ಅದರದೇ 1 ಕಿಲೋ ಓಮ್ ರೆಸಿಸ್ಟರ್. ಹಲವು ದೀಪಕ್ಕೆ ಒಂದೇ ರೆಸಿಸ್ಟರ್ ಹಾಕಿ ಉಳಿಸಲು ಹೋದರೆ ಕೆಂಪು ಮಾತ್ರ ಉರಿದು ಬಿಳಿ ಸಾಯುತ್ತದೆ, ಕೆಂಪಿಗೆ ಕಡಿಮೆ ವೋಲ್ಟೇಜ್ ಸಾಕಾಗುವುದರಿಂದ ಕರೆಂಟನ್ನೆಲ್ಲ ಅದೇ ಎಳೆಯುತ್ತದೆ. 12 ವೋಲ್ಟ್‌ಗೆ ಒಂದೊಂದೂ ಸುಮಾರು 9-10 ಮಿಲಿ ಆಂಪ್, ಹದಿನೈದೂ ಉರಿದರೆ 150ರೊಳಗೆ. 1 ಆಂಪ್ ಅಡಾಪ್ಟರ್ ಧಾರಾಳ. ಕರೆಂಟ್ ಹೋಗುವ ಭಯವಿದ್ದರೆ ಯುಪಿಎಸ್‌ನ 12 ವೋಲ್ಟ್ 7 ಆಂಪ್-ಅವರ್ ಬ್ಯಾಟರಿ ದಿನವಿಡೀ ನಡೆಸುತ್ತದೆ, ಅದರ ಧನ ತಂತಿಗೆ 1 ಆಂಪ್ ಫ್ಯೂಸ್ ಹಾಕಿ.

ಸ್ವಿಚ್ಚು ಏಳು. 1845: ಕಿಂಗ್‌ಸ್ಟನ್, ಸ್ಪ್ಯಾನಿಷ್ ಟೌನ್. 1869: ಓಲ್ಡ್ ಹಾರ್ಬರ್. 1885: ಮೇ ಪೆನ್, ಪೋರಸ್, ಬಾಗ್ ವಾಕ್, ಯೂವರ್ಟನ್. 1894: ಬಾಲಕ್ಲಾವಾ, ಮಾಂಟೆಗೊ ಬೇ. 1896: ಅನಾಟೊ ಬೇ, ಪೋರ್ಟ್ ಆಂಟೋನಿಯೊ. 1925: ಫ್ರಾಂಕ್‌ಫೀಲ್ಡ್. ಏಳನೆಯದು ಕೆಂಪು ಮೂರು. ವಿವರಿಸುವವರು ಮೊದಲ ಸ್ವಿಚ್ಚು ಒತ್ತಿ, ಸಕ್ಕರೆ ಬೆಲೆ ಬಿದ್ದ ಕಥೆ ಮುಗಿಯುವವರೆಗೂ ಎರಡನೆಯದನ್ನು ಮುಟ್ಟಬಾರದು. ಆ ಕಾಯುವಿಕೆಯಲ್ಲೇ 24 ವರ್ಷ ತಿಳಿಯಬೇಕು. ಕೊನೆಗೆ 1992 ಬಂದಾಗ ಬಿಳಿ ದೀಪದ ಆರು ಸ್ವಿಚ್ಚನ್ನೂ ಆರಿಸಿ, ಕೆಂಪು ಉರಿಯಲು ಬಿಡಿ.

ಸೀಳಿನ ಬಳಿ ವಯರ್ ಸೇರಿಸಲು ಬೆಸುಗೆ ಬೇಡ, ಎಳೆದರೆ ಕಳಚುವ ಕನೆಕ್ಟರ್ ಹಾಕಿ, ಎರಡೂ ಬದಿಗೆ ಒಂದೇ ಸಂಖ್ಯೆ ಬರೆಯಿರಿ.

ಮೇಜಿನ ಮುಂದೆ ಮತ್ತು ನೆಲದ ಮೇಲೆ

ಗೇಜನ್ನು, ಅಂದರೆ ಜೋಡಿ ಹಳಿಗಳ ನಡುವಿನ ಅಂತರವನ್ನು, ಈ ಮಾದರಿಯಲ್ಲಿ ತೋರಿಸಲಾಗದು. ನಿಮ್ಮ 1.2 ಮಿ.ಮೀ. ತಂತಿಯೇ ಈ ಅಳತೆಯಲ್ಲಿ 120 ಮೀ. ದಪ್ಪ. ಹಾಗಾಗಿ ಗೇಜನ್ನು ನೆಲದ ಮೇಲೆ ನಿಜ ಅಳತೆಯಲ್ಲಿ ಟೇಪು ಅಂಟಿಸಿ ತೋರಿಸಿ. ಮೂರು ಜೋಡಿ: ಜಮೈಕಾದ 1,435 ಮಿ.ಮೀ., ನಮ್ಮ ಈಗಿನ ಬ್ರಾಡ್‌ಗೇಜ್ 1,676, ಗದಗ-ಹೊಟಗಿ ಮಾರ್ಗದಲ್ಲಿ ಮೊದಲಿದ್ದ ಮೀಟರ್‌ಗೇಜ್ 1,000. ಅಳೆಯಬೇಕಾದ್ದು ಟೇಪಿನ ಒಳಅಂಚಿನಿಂದ ಒಳಅಂಚಿಗೆ. ನಡುವಿನಿಂದ ನಡುವಿಗೆ ಅಳೆದರೆ ಟೇಪಿನ ಅಗಲದಷ್ಟು ಗೇಜ್ ಕಡಿಮೆಯಾಗುತ್ತದೆ. ಬಾಗಲಕೋಟೆಯ ಹಿರಿಯರು ಮೂರನೆಯ ಜೋಡಿಯ ಮುಂದೆ ನಿಂತು ತಾವಾಗಿ ಮಾತು ತೆಗೆಯುತ್ತಾರೆ, ಕೇಳಿಸಿಕೊಳ್ಳಿ. ಆ ಹಳಿಯನ್ನು ಸದರ್ನ್ ಮರಾಠಾ ರೈಲ್ವೆ ಹಾಕಿದ್ದು 1876-78ರ ಘೋರ ಬರದ ನಂತರ, ಮತ್ತೆ ಬರ ಬಂದರೆ ಕಾಳು ಸಾಗಿಸಲೆಂದು. ಜಮೈಕಾದ ಜೊತೆ ಇಟ್ಟು ಮಾತಾಡಲು ಇದಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ.

ದಕ್ಷಿಣದ ಸಮುದ್ರದ ಪಟ್ಟಿಯಲ್ಲಿ ಸರಕು. ಸಕ್ಕರೆಯನ್ನು ಬಿರಡೆ ಬಿಗಿಯಾದ ಬಾಟಲಿಯಲ್ಲಿಡಿ, ತೆರೆದಿಟ್ಟರೆ ಮಧ್ಯಾಹ್ನಕ್ಕೆ ಇರುವೆ ಸಾಲು ಕಿಂಗ್‌ಸ್ಟನ್‌ವರೆಗೂ ಬಂದಿರುತ್ತದೆ. ಬಾಕ್ಸೈಟ್ ತುಂಡು ಸಿಗದಿದ್ದರೆ ಜಂಬಿಟ್ಟಿಗೆ ಕಲ್ಲು ಇಟ್ಟು ಬಾಕ್ಸೈಟ್ ಎಂದು ಬರೆಯಬೇಡಿ. ಜಮೈಕಾದ ಬಾಕ್ಸೈಟ್ ಕಲ್ಲಿಗಿಂತ ಮಣ್ಣಿನ ಹಾಗೆ, ಸುಣ್ಣದಕಲ್ಲಿನ ತಗ್ಗುಗಳಲ್ಲಿ ತುಂಬಿಕೊಂಡಿರುತ್ತದೆ. ಬಾಗಲಕೋಟೆಯ ಸುಣ್ಣದಕಲ್ಲಿನ ತಗ್ಗಿನಲ್ಲಿ ಕೆಂಪು ಮಣ್ಣು ತುಂಬಿ, ಇದು ನಮೂನೆ ಎಂದು ಬರೆದರೆ ಸರಿ.

ಕಬ್ಬಿನ ಅವಸರ ತೋರಿಸಲು ಒಂದೇ ಗಾತ್ರದ ಐದು ಜಲ್ಲೆ ಬೇಕು. ಪ್ರದರ್ಶನಕ್ಕೆ ನಾಲ್ಕು ದಿನ ಮುಂಚಿನಿಂದ ದಿನಕ್ಕೊಂದು ಕಡಿದು, ಕಡಿದ ತಕ್ಷಣ ತೂಗಿ, ಚೀಟಿ ಕಟ್ಟಿ. ಪ್ರದರ್ಶನದ ದಿನ ಐದನ್ನೂ ಮತ್ತೆ ತೂಗಿ ಪಕ್ಕದಲ್ಲಿ ಬರೆಯಿರಿ. ಕಾರ್ಖಾನೆಯಿಂದ ಬ್ರಿಕ್ಸ್ ಮೀಟರ್ (ರಸದಲ್ಲಿ ಸಕ್ಕರೆ ಮುಂತಾದ್ದು ಎಷ್ಟು ಕರಗಿದೆ ಎಂದು ತೋರಿಸುವ ಉಪಕರಣ) ತಂದು ಅಳೆಯುವ ಆಸೆ ಬರುತ್ತದೆ, ಅದು ಇಲ್ಲಿ ದಾರಿ ತಪ್ಪಿಸುತ್ತದೆ. ಒಣಗಿದ ಕಬ್ಬಿನ ರಸ ಗಟ್ಟಿಯಾಗಿ ಬ್ರಿಕ್ಸ್ ಏರಬಹುದು, ಆದರೆ ಹರಳುಗಟ್ಟುವ ಸಕ್ಕರೆ ಒಳಗೇ ಒಡೆದು ಕಡಿಮೆಯಾಗಿರುತ್ತದೆ. ಹಳೆ ಕಬ್ಬೇ ಸಿಹಿ ಎಂದು ಮಕ್ಕಳು ತಪ್ಪು ತಿಳಿಯುತ್ತಾರೆ. ತೂಕ ಸುಳ್ಳು ಹೇಳುವುದಿಲ್ಲ, ಕಾರ್ಖಾನೆ ಗೇಟಿನಲ್ಲಿ ಟ್ರ್ಯಾಕ್ಟರ್ ಸಾಲು ನೋಡಿದ ರೈತರ ಮನೆಯ ಮಕ್ಕಳಿಗೆ ಆ ಚೀಟಿ ಓದಿದರೆ ಸಾಕು.

ಪ್ರದರ್ಶನ ಮುಗಿದ ಮೇಲೆ ಕಬ್ಬು, ಸಕ್ಕರೆ ತೆಗೆದು, ಕನೆಕ್ಟರ್ ಕಳಚಿ, ಆಮೇಲೆ ಬೋಲ್ಟು ಬಿಚ್ಚಿ. ಮೊದಲು ಬೋಲ್ಟು ಬಿಚ್ಚಿದರೆ ವಯರ್ ಹರಿಯುತ್ತದೆ. ಎರಡು ತುಂಡನ್ನೂ ಉಬ್ಬು ಒಳಮುಖವಾಗಿ, ನಡುವೆ 25 ಸೆಂ.ಮೀ. ಎತ್ತರದ ನಾಲ್ಕು ಮರದ ತುಂಡು ಕೊಟ್ಟು ಕಟ್ಟಿ, ಗೋಡೆಗೆ ತಾಗದಂತೆ ನಿಲ್ಲಿಸಿಡಿ.